ತಲೆಬುರುಡೆಗಳ ಗುಡ್ಡದ ಮೇಲೆ ನಿಂತವರು

ಬಕ್ರೀದ್ ಹತ್ತಿರ ಬಂತೆಂದರೆ ನಮ್ಮನ್ನು ಒಂದು ಪ್ರಶ್ನೆ ಹುಡುಕಿಕೊಂಡು ಬರುತ್ತದೆ. 'ಒಂದೇ ದಿನ ಅಷ್ಟೊಂದು ಪ್ರಾಣಿಗಳನ್ನು ಕೊಯ್ಯುತ್ತೀರಲ್ಲ, ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ?' ಕೇಳುವವರಲ್ಲಿ ಎರಡು ಬಗೆ. ಇರುವೆ ತುಳಿಯಲೂ ಅಂಜುವ, ವರ್ಷವಿಡೀ ಇದೇ ಪ್ರಶ್ನೆಯನ್ನು ತಮಗೂ ಕೇಳಿಕೊಳ್ಳುವ ಜನ ಕೆಲವರಿದ್ದಾರೆ. ಅವರ ಮುಂದೆ ನಾವು ವಾದಕ್ಕೆ ನಿಲ್ಲುವುದಿಲ್ಲ. ಇನ್ನು ಕೆಲವರ ಕರುಣೆಗೆ ಪಂಚಾಂಗವಿದೆ. ಅದು ಜುಲ್‌ಹಜ್ ತಿಂಗಳ ಚಂದ್ರ ಕಂಡಾಗ ಎಚ್ಚರಗೊಂಡು, ಹಬ್ಬ ಮುಗಿದ ಮರುದಿನ ಹೊದ್ದು ಮಲಗುತ್ತದೆ.

ಇದಕ್ಕೆ ನಮ್ಮವರು ಕೊಡುವ ಉತ್ತರವೂ ಬಾಯಿಪಾಠವಾಗಿ ಹೋಗಿದೆ. 'ಮನುಷ್ಯರನ್ನು ಬೀದಿಯಲ್ಲಿ ಹೊಡೆದು ಕೊಂದಾಗ ಸುಮ್ಮನಿದ್ದವರು ಈಗ ಕುರಿಗಾಗಿ ಅಳುತ್ತೀರಾ?' ಈ ಉತ್ತರದಲ್ಲಿ ನೋವಿದೆ, ಸತ್ಯವೂ ಇದೆ. ಆದರೂ ನಮಗೆ ಅದು ಸಾಲದು ಅನ್ನಿಸತೊಡಗಿದೆ. ಯಾಕೆಂದರೆ ಪ್ರಶ್ನೆ ಕೇಳಿದವರೂ ಉತ್ತರ ಕೊಟ್ಟ ನಾವೂ ಒಂದೇ ತಪ್ಪು ಲೆಕ್ಕ ಹಾಕುತ್ತಿದ್ದೇವೆ. ಕರುಣೆಯೆಂಬುದು ರೇಷನ್ ಅಂಗಡಿಯ ಸೀಮೆಎಣ್ಣೆ, ಪ್ರಾಣಿಗೆ ಅಳೆದು ಕೊಟ್ಟರೆ ಮನುಷ್ಯನಿಗೆ ಕಡಿಮೆಯಾಗುತ್ತದೆ, ಮನುಷ್ಯನಿಗೆ ಕೊಟ್ಟರೆ ಪ್ರಾಣಿಗೆ ಉಳಿಯುವುದಿಲ್ಲ ಎಂಬ ಲೆಕ್ಕ. ಚರಿತ್ರೆ ಹೇಳುವುದೇ ಬೇರೆ. ಅದನ್ನು ನೋಡಲು ನಮ್ಮ ಊರಿನ ಜಗಳದಿಂದ ಸ್ವಲ್ಪ ದೂರ ಹೋಗಬೇಕಾಗುತ್ತದೆ.

1892ರ ಸುಮಾರಿಗೆ ಅಮೆರಿಕದ ಡೆಟ್ರಾಯಿಟ್ ಪಕ್ಕದ ಒಂದು ಕಾರ್ಖಾನೆಯಲ್ಲಿ ತೆಗೆದ ಛಾಯಾಚಿತ್ರವೊಂದಿದೆ. ಮೂರ್ನಾಲ್ಕು ಆಳೆತ್ತರದ ಗುಡ್ಡ. ಅದು ಕಲ್ಲಿನದಲ್ಲ, ಮಣ್ಣಿನದಲ್ಲ, ಬೈಸನ್‌ಗಳ ತಲೆಬುರುಡೆಗಳದು. ಬೈಸನ್ ಎಂದರೆ ನಮ್ಮ ಮಲೆನಾಡಿನ ಕಾಟಿಯ ದೂರದ ನಂಟ. ಗುಡ್ಡದ ಕೆಳಗೊಬ್ಬ, ಮೇಲೊಬ್ಬ, ಕೋಟು ಟೋಪಿ ತೊಟ್ಟ ಇಬ್ಬರು ತಲೆಬುರುಡೆಯ ಮೇಲೆ ಕೈಯೋ ಕಾಲೋ ಇಟ್ಟು ನಿಂತಿದ್ದಾರೆ. ಆ ಎಲುಬುಗಳನ್ನು ಸುಟ್ಟು ಇದ್ದಿಲು ಮಾಡಿ ಸಕ್ಕರೆ ಬೆಳ್ಳಗಾಗಿಸಲು ಬಳಸುತ್ತಿದ್ದರು, ಪುಡಿ ಮಾಡಿ ಗೊಬ್ಬರವಾಗಿ ಮಾರುತ್ತಿದ್ದರು. ಆ ಚಿತ್ರವನ್ನು ಮೊದಲ ಸಲ ನೋಡಿದಾಗ ನಮಗೆ ನೆನಪಾದದ್ದು ಪ್ರಾಣಿಗಳಲ್ಲ. ಕಾಂಬೋಡಿಯಾದಲ್ಲಿ, ರುವಾಂಡಾದಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟ ಮನುಷ್ಯರ ತಲೆಬುರುಡೆಗಳು.

ಒಂದು ಕಾಲಕ್ಕೆ ಉತ್ತರ ಅಮೆರಿಕದ ಬಯಲುಗಳಲ್ಲಿ 3 ಕೋಟಿಗೂ ಹೆಚ್ಚು ಬೈಸನ್‌ಗಳಿದ್ದವು ಎಂದು ಅಂದಾಜು. 1880ರ ದಶಕ ಮುಗಿಯುವಾಗ ಸಾವಿರವೂ ಉಳಿದಿರಲಿಲ್ಲ. ಇದು ಬರದಿಂದಲೋ ರೋಗದಿಂದಲೋ ಮಾತ್ರ ಆದದ್ದಲ್ಲ. 1871ರ ಹೊತ್ತಿಗೆ ಬೈಸನ್ ಚರ್ಮವನ್ನು ಹದ ಮಾಡಿ ಕಾರ್ಖಾನೆಯ ಯಂತ್ರಗಳಿಗೆ ಪಟ್ಟಿ ಮಾಡುವ ವಿಧಾನ ಸಿಕ್ಕಿತು. ರೈಲು ಬಯಲಿನ ನಡುವಿಗೇ ಬಂದಿತ್ತು. ದೂರದಿಂದಲೇ ಕೊಲ್ಲುವ ಬಂದೂಕು ಇತ್ತು. 1872ರಿಂದ 74ರವರೆಗಿನ ಮೂರೇ ವರ್ಷಗಳಲ್ಲಿ ಬಿಳಿಯ ಬೇಟೆಗಾರರು 30 ಲಕ್ಷಕ್ಕೂ ಹೆಚ್ಚು ಬೈಸನ್‌ಗಳನ್ನು ಕೊಂದರೆಂದು ಆ ಕಾಲದ ಸೇನಾಧಿಕಾರಿ ಡಾಡ್ಜ್ ಲೆಕ್ಕ ಹಾಕಿದ್ದಾನೆ. ಚರ್ಮ ಸುಲಿದುಕೊಂಡು ಮಾಂಸವನ್ನು ಕೊಳೆಯಲು ಬಿಟ್ಟರು. ಅದೇ ಮಾಂಸವನ್ನು ತಿಂದು, ಅದೇ ಚರ್ಮದಲ್ಲಿ ಗುಡಾರ ಕಟ್ಟಿ, ಅದರ ನರದಲ್ಲಿ ಬಿಲ್ಲಿನ ಹೆದೆ ಹೊಸೆದು ಬದುಕುತ್ತಿದ್ದ ಲಕೋಟಾ, ಶಾಯೆನ್, ಕಯೋವಾ, ಕೊಮಾಂಚಿ ಜನ ಇದನ್ನು ನೋಡುತ್ತ ನಿಂತಿದ್ದರು.

ಇದು ವ್ಯಾಪಾರಿಗಳ ದುರಾಸೆ ಮಾತ್ರವಾಗಿದ್ದರೆ ಅದನ್ನು ದುರಾಸೆ ಎಂದೇ ಕರೆದು ಸುಮ್ಮನಾಗಬಹುದಿತ್ತು. ಆದರೆ ಅಮೆರಿಕದ ಗೃಹಾಡಳಿತ ಸಚಿವ ಕೊಲಂಬಸ್ ಡೆಲಾನೊ 1873ರ ತನ್ನ ವರದಿಯಲ್ಲಿ, ಬೈಸನ್ ಪೂರ್ತಿ ಅಳಿದುಹೋದರೂ ತನಗೆ ದೊಡ್ಡ ವ್ಯಥೆಯಿಲ್ಲ, ಅದರಿಂದ ಇಂಡಿಯನ್ನರು ಅಲೆದಾಟ ಬಿಟ್ಟು ಬೇಸಾಯಕ್ಕೆ ಬರುತ್ತಾರೆ ಎಂಬರ್ಥದ ಮಾತು ಬರೆದ. ಮರುವರ್ಷ ಬೈಸನ್‌ಗಳನ್ನು ರಕ್ಷಿಸುವ ಮಸೂದೆಯೊಂದು ಸಂಸತ್ತಿನ ಎರಡೂ ಸದನಗಳಲ್ಲಿ ಪಾಸಾಯಿತು. ಅಧ್ಯಕ್ಷ ಗ್ರಾಂಟ್ ಅದಕ್ಕೆ ಸಹಿ ಹಾಕದೆ ಸಾಯಲು ಬಿಟ್ಟ. ಒಂದು ಜನಾಂಗವನ್ನು ಮಣಿಸಬೇಕಾದರೆ ಅದರ ಪ್ರಾಣಿಯನ್ನು ಕೊಲ್ಲು: ಇದು ಆ ಪ್ರಭುತ್ವಕ್ಕೆ ಗೊತ್ತಿದ್ದ ಲೆಕ್ಕ.

1874ರ ಸೆಪ್ಟೆಂಬರ್ 28ರಂದು ಟೆಕ್ಸಾಸಿನ ಪಾಲೊ ಡುರೊ ಕಣಿವೆಯಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಕರ್ನಲ್ ಮೆಕೆಂಜಿಯ ಸೈನ್ಯ ಅಲ್ಲಿ ಬೀಡುಬಿಟ್ಟಿದ್ದ ಕೊಮಾಂಚಿ, ಕಯೋವಾ, ಶಾಯೆನ್ ಜನರ ಮೇಲೆ ಬಿತ್ತು. ಸತ್ತ ಮನುಷ್ಯರು ಬೆರಳೆಣಿಕೆಯಷ್ಟು. ಉಳಿದವರು ಕಣಿವೆಯ ಗೋಡೆ ಹತ್ತಿ ಓಡಿದರು. ಸೈನ್ಯ ಬೆನ್ನಟ್ಟಿ ಹೋಗಲಿಲ್ಲ. ಗುಡಾರಗಳನ್ನೂ ಚಳಿಗಾಲಕ್ಕೆ ಕೂಡಿಟ್ಟ ಆಹಾರವನ್ನೂ ಸುಟ್ಟಿತು. ಕುದುರೆಗಳನ್ನು ಹಿಡಿದು, ತನಗೆ ಬೇಕಾದಷ್ಟನ್ನು ಇಟ್ಟುಕೊಂಡು, ಉಳಿದ ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಸಾಲಾಗಿ ಗುಂಡಿಟ್ಟು ಕೊಂದಿತು. ಮುಂದಿನ ಬೇಸಗೆಯ ಹೊತ್ತಿಗೆ ಕೊಮಾಂಚಿಗಳ ನಾಯಕ ಕ್ವಾನಾ ತನ್ನ ಜನರೊಂದಿಗೆ ಫೋರ್ಟ್ ಸಿಲ್‌ಗೆ ಬಂದು ಶರಣಾದ. ಗುಂಡು ತಿಂದವು ಕುದುರೆಗಳು, ಸೋತವರು ಮನುಷ್ಯರು.

ಇಷ್ಟಾದರೆ ಪ್ರಾಣಿಹಿಂಸೆ ಮನುಷ್ಯಹಿಂಸೆಗೆ ಬರೀ ಸಾಧನ ಎನ್ನಬಹುದು. ಅದಕ್ಕಿಂತ ಆಳದ ನಂಟು ಇರುವುದು ಮಾತಿನಲ್ಲಿ. 1864ರ ನವೆಂಬರ್ 29ರಂದು ಕೊಲರಾಡೊದ ಸ್ಯಾಂಡ್ ಕ್ರೀಕ್‌ನಲ್ಲಿ ಕರ್ನಲ್ ಚಿವಿಂಗ್ಟನ್‌ನ ಪಡೆ ಶಾಯೆನ್ ಮತ್ತು ಅರಪಾಹೊ ಜನರ ಹಟ್ಟಿಗೆ ನುಗ್ಗಿ ನೂರೈವತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದಿತು. ಸತ್ತವರಲ್ಲಿ ಹೆಂಗಸರು, ಮಕ್ಕಳು, ಮುದುಕರೇ ಹೆಚ್ಚು. ಮಕ್ಕಳನ್ನೇಕೆ ಕೊಲ್ಲಬೇಕು ಎಂಬುದಕ್ಕೆ ಚಿವಿಂಗ್ಟನ್ ಸೀರು ಬೆಳೆದು ಹೇನಾಗುವ ಹೋಲಿಕೆ ಕೊಟ್ಟಿದ್ದನೆಂಬ ಮಾತು ಅವನ ಹೆಸರಿಗೆ ಇಂದಿಗೂ ಅಂಟಿಕೊಂಡಿದೆ. ಈತ ಒಂದು ಕಾಲಕ್ಕೆ ಚರ್ಚಿನ ಪಾದ್ರಿಯೂ ಆಗಿದ್ದ ಎಂಬುದನ್ನು ಓದುಗರು ಮರೆಯಬಾರದು. ಧರ್ಮದ ಅಂಗಿ ಯಾರ ಮೈಮೇಲೆ ಬೇಕಾದರೂ ಕೂರುತ್ತದೆ. 1994ರಲ್ಲಿ ರುವಾಂಡಾದ ರೇಡಿಯೋ ಟುಟ್ಸಿಗಳನ್ನು ಜಿರಲೆ ಎಂದಿತು, ನೂರು ದಿನಗಳಲ್ಲಿ ಲಕ್ಷಾಂತರ ಜನ ಕತ್ತಿಗೆ ಬಲಿಯಾದರು. ನಾಜಿಗಳು ಯಹೂದಿಗಳನ್ನು ಇಲಿ ಎಂದರು. ಹೇನನ್ನೂ ಜಿರಲೆಯನ್ನೂ ಇಲಿಯನ್ನೂ ಕೊಂದರೆ ಯಾರೂ ಲೆಕ್ಕ ಕೇಳುವುದಿಲ್ಲ ಎಂಬ ಒಪ್ಪಂದ ಮೊದಲೇ ಆಗಿರುತ್ತದೆ. ಆಮೇಲೆ ಯಾರನ್ನು ಆ ಪಟ್ಟಿಗೆ ಸೇರಿಸಬೇಕೆಂಬುದಷ್ಟೇ ಉಳಿಯುತ್ತದೆ.

ನಮ್ಮ ನೆಲದಲ್ಲೂ ಈ ಪಟ್ಟಿ ತಯಾರಾಗಿತ್ತು. ಬ್ರಿಟಿಷರು ಹುಲಿ, ಚಿರತೆ, ತೋಳಗಳನ್ನು ಉಪದ್ರವದ ಪ್ರಾಣಿಗಳೆಂದು ಬರೆದು, ಕೊಂದು ತಂದವರಿಗೆ ಇನಾಮು ಇಟ್ಟರು. 1875ರಿಂದ 1925ರವರೆಗಿನ 50 ವರ್ಷಗಳಲ್ಲಿ ಇನಾಮಿಗಾಗಿ 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ, 2,00,000 ತೋಳ ಸತ್ತವೆಂದು ಅಂದಾಜು. ಅದೇ ಸರ್ಕಾರ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ತಂದು, ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಕಾಡಿನಲ್ಲಿ ಅಲೆಯುವುದೂ ಊರಿನ ಹೊರಗೆ ಅಲೆಯುವುದೂ ಒಂದೇ ರಿಜಿಸ್ಟರಿನ ಎರಡು ಪುಟಗಳಾದವು. ಆ ಕಾಯಿದೆ ರದ್ದಾಗಲು 1952 ಬರಬೇಕಾಯಿತು. ಆ ಜನರನ್ನು ಬೇಲಿಯೊಳಗೆ ಕೂಡಿದ್ದ ಹುಬ್ಬಳ್ಳಿಯ ಜಾಗವನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸದಿದ್ದರೆ ನಮ್ಮ ವಾದವೇ ಅಪಾಯಕಾರಿಯಾದೀತು. ಸತ್ತ ಮನುಷ್ಯನನ್ನು ಸತ್ತ ಪ್ರಾಣಿಗೆ ಹೋಲಿಸುತ್ತಿದ್ದೇವೆಂದು ಯಾರಾದರೂ ತಿಳಿದರೆ, ಕೊಂದವನು ಶುರು ಮಾಡಿದ ಅವಮಾನವನ್ನು ನಾವು ಪೂರ್ತಿ ಮಾಡಿದಂತಾಗುತ್ತದೆ. ಬದುಕುಳಿದವರು ಇಂಥ ಹೋಲಿಕೆ ಕೇಳಿ ಸಿಟ್ಟಾಗುವುದು ನ್ಯಾಯವೇ. ಸತ್ತವರಲ್ಲಿ ಹೋಲಿಕೆ ಹುಡುಕುವುದು ನಮ್ಮ ಕೆಲಸವಲ್ಲ. ಹೋಲಿಕೆ ಇರುವುದು ಕೊಂದವನ ಕೈಯಲ್ಲಿ, ಅವನ ಕಡತದಲ್ಲಿ, ಅವನ ಮನೆಗೆ ಬಂದ ಸಂಬಳದಲ್ಲಿ. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ 250ಕ್ಕೂ ಹೆಚ್ಚು ಲಕೋಟಾ ಜನರನ್ನು ಕೊಂದು ಒಂದೇ ಗುಂಡಿಗೆ ತುಂಬಿದ ಸೈನಿಕರಲ್ಲಿ ಸುಮಾರು 20 ಮಂದಿಗೆ ಅಮೆರಿಕದ ಅತ್ಯುನ್ನತ ಶೌರ್ಯಪದಕ ಸಿಕ್ಕಿತು. ಆ ಪದಕಗಳನ್ನು ಹಿಂಪಡೆಯಬೇಕೆಂಬ ಬೇಡಿಕೆ ವರ್ಷಗಟ್ಟಲೆ ನಡೆದು, 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ರಕ್ಷಣಾ ಮುಖ್ಯಸ್ಥರು ಅವು ಹಾಗೆಯೇ ಉಳಿಯುತ್ತವೆ ಎಂದು ಘೋಷಿಸಿದರು. ಬೈಸನ್ ಕೊಂದವನಿಗೆ ಚರ್ಮದ ದುಡ್ಡು, ತೋಳ ಕೊಂದವನಿಗೆ ಇನಾಮು, ಮಗು ಕೊಂದವನಿಗೆ ಪದಕ.

ಹಾಗಾದರೆ ಪ್ರಾಣಿಯನ್ನು ಪ್ರೀತಿಸುವವರು ಮನುಷ್ಯರನ್ನೂ ಪ್ರೀತಿಸುತ್ತಾರೆಯೇ? ಬಕ್ರೀದ್ ಪ್ರಶ್ನೆ ಕೇಳುವವರ ನಂಬಿಕೆ ಬಹುಶಃ ಅದು. ಬೈಸನ್ ಕತೆಯ ಮುಂದಿನ ಭಾಗ ಈ ನಂಬಿಕೆಗೆ ಕೊಳ್ಳಿ ಇಡುತ್ತದೆ.

ಅಳಿದುಹೋಗುತ್ತಿದ್ದ ಬೈಸನ್‌ಗಾಗಿ ಮೊದಲು ದನಿ ಎತ್ತಿದವರಲ್ಲಿ ವಿಲಿಯಂ ಹಾರ್ನಡೇ ಪ್ರಮುಖ. 1886ರಲ್ಲಿ ವಸ್ತುಸಂಗ್ರಹಾಲಯಕ್ಕೆ ಮಾದರಿ ಬೇಕೆಂದು ಮೊಂಟಾನಾಕ್ಕೆ ಹೋಗಿ, ಉಳಿದಿದ್ದ ಕೆಲವೇ ಬೈಸನ್‌ಗಳಲ್ಲಿ 20ಕ್ಕೂ ಹೆಚ್ಚನ್ನು ತಾನೇ ಕೊಂದು ತಂದ. ಆಮೇಲೆ ಪಶ್ಚಾತ್ತಾಪವಾಯಿತೋ ಏನೋ, ಅವುಗಳ ನಿರ್ಮೂಲನೆಯ ಬಗ್ಗೆ 1889ರಲ್ಲಿ ವಿವರವಾದ ವರದಿ ಬರೆದ. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ನಿರ್ದೇಶಕನಾಗಿ ಬೈಸನ್‌ಗಳನ್ನು ಸಾಕಿ, 1907ರಲ್ಲಿ 15 ಬೈಸನ್‌ಗಳನ್ನು ರೈಲಿನಲ್ಲಿ ಓಕ್ಲಹೋಮಾದ ವಿಚಿಟಾ ಕಾಡಿಗೆ ಕಳಿಸಿದ. ಅವು ಇಳಿದಾಗ ನೋಡಲು ಬಂದವರಲ್ಲಿ ಹಿಂದೆ ಶರಣಾಗಿದ್ದ ಆ ಕೊಮಾಂಚಿ ನಾಯಕ ಕ್ವಾನಾ ಇದ್ದ. ಮುದುಕರು ತಮ್ಮ ಮಕ್ಕಳು ಮೊಮ್ಮಕ್ಕಳಿಗೆ ಬೈಸನ್ ತೋರಿಸಲು ಕರೆತಂದಿದ್ದರಂತೆ. ಕಣ್ಣು ತೇವವಾಗುವ ಪ್ರಸಂಗ.

ಅದಕ್ಕೆ ಒಂದು ವರ್ಷ ಮೊದಲು, 1906ರ ಸೆಪ್ಟೆಂಬರ್‌ನಲ್ಲಿ, ಅದೇ ಮೃಗಾಲಯದಲ್ಲಿ, ಅದೇ ಹಾರ್ನಡೇಯ ಒಪ್ಪಿಗೆಯಿಂದ ಮಂಗಗಳ ಮನೆಯೊಳಗೆ ಒಬ್ಬ ಮನುಷ್ಯನನ್ನು ಒರಾಂಗುಟಾನ್ ಜೊತೆ ಪ್ರದರ್ಶನಕ್ಕಿಡಲಾಯಿತು. ಹೆಸರು ಓಟಾ ಬೆಂಗಾ. ಕಾಂಗೋದ ಕಾಡಿನ ಕುಳ್ಳ ದೇಹದ ಜನಾಂಗದವನು. ಅವನನ್ನು ನೋಡಲು ಸಾವಿರಾರು ಜನ ಮುಗಿಬಿದ್ದರು. ಪ್ರತಿಭಟಿಸಿದವರು ಕಪ್ಪು ಜನರ ಚರ್ಚಿನ ಪಾದ್ರಿಗಳು. ಕೊನೆಗೆ ಅವನನ್ನು ಹೊರಬಿಟ್ಟರು, ಆದರೆ ಊರಿಗೆ ಹೋಗುವ ದಾರಿ ಅವನಿಗೆ ತೆರೆಯಲಿಲ್ಲ. 1916ರ ಮಾರ್ಚ್‌ನಲ್ಲಿ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ ಓಟಾ ಬೆಂಗಾ ತನ್ನ ಎದೆಗೆ ತಾನೇ ಗುಂಡು ಹಾರಿಸಿಕೊಂಡ. ಮೃಗಾಲಯ ನಡೆಸುವ ಸಂಸ್ಥೆ ಕ್ಷಮೆ ಕೇಳಿದ್ದು 2020ರಲ್ಲಿ, 114 ವರ್ಷಗಳ ನಂತರ.

ಆ ಮೃಗಾಲಯವನ್ನು ಕಟ್ಟಿದವರಲ್ಲಿ ಮ್ಯಾಡಿಸನ್ ಗ್ರಾಂಟ್ ಎಂಬ ವಕೀಲನೂ ಒಬ್ಬ. ರೆಡ್‌ವುಡ್ ಮರಗಳನ್ನು ಉಳಿಸಲು ಸಂಘ ಕಟ್ಟಿದ. ಬೈಸನ್ ಉಳಿಸುವ ಕೆಲಸದಲ್ಲೂ ಇದ್ದ. ಓಟಾ ಬೆಂಗಾ ಸತ್ತ ಅದೇ 1916ರಲ್ಲಿ ಗ್ರಾಂಟ್ 'ಶ್ರೇಷ್ಠ ಜನಾಂಗ'ದ ಅಳಿವಿನ ಬಗ್ಗೆ ಪುಸ್ತಕ ಬರೆದು, ಬಿಳಿಯರಲ್ಲೂ ಉತ್ತರ ಯುರೋಪಿನವರು ಮಾತ್ರ ಉತ್ತಮ ತಳಿ, ಉಳಿದವರನ್ನು ತಡೆಯಬೇಕು ಎಂದ. ಮರದ ತಳಿ, ಪ್ರಾಣಿಯ ತಳಿ ಉಳಿಸಬೇಕೆಂದವನು ಮನುಷ್ಯರಲ್ಲಿ ತಳಿ ಆರಿಸಲು ಕೂತ. ಆ ಪುಸ್ತಕ 1925ರಲ್ಲಿ ಜರ್ಮನ್ ಭಾಷೆಗೆ ಹೋಯಿತು. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗಿನ ವೈದ್ಯರ ವಿಚಾರಣೆಯಲ್ಲಿ ಹಿಟ್ಲರನ ವೈದ್ಯನ ಪರವಾಗಿ ಹಾಜರುಪಡಿಸಿದ ದಾಖಲೆಗಳಲ್ಲಿ ಅದೂ ಒಂದಾಗಿತ್ತು.

ಜರ್ಮನಿಯ ಕತೆ ನಮಗೆ, ಅಂದರೆ ಈ ದೇಶದ ಮುಸ್ಲಿಮರಿಗೆ, ಇನ್ನೂ ಹತ್ತಿರದ್ದು. ಹಿಟ್ಲರ್ ಅಧಿಕಾರಕ್ಕೆ ಬಂದು ಮೂರು ತಿಂಗಳೂ ತುಂಬಿರಲಿಲ್ಲ, 1933ರ ಏಪ್ರಿಲ್ 21ರಂದು ಪ್ರಾಣಿಗಳಿಗೆ ಪ್ರಜ್ಞೆ ತಪ್ಪಿಸದೆ ಕೊಯ್ಯುವುದನ್ನು ನಿಷೇಧಿಸುವ ಕಾನೂನು ಬಂತು. ಹೆಸರು ಪ್ರಾಣಿದಯೆ, ಗುರಿ ಯಹೂದಿಗಳ ಕೋಷರ್ ಪದ್ಧತಿ. ಅದಕ್ಕೆ ಎರಡು ವಾರ ಮೊದಲು ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ಹೊರಹಾಕುವ ಕಾನೂನು ಬಂದಿತ್ತು. ಆಗಸ್ಟ್‌ನಲ್ಲಿ ಗೋರಿಂಗ್, ಬದುಕಿರುವ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವವರನ್ನು ಕಾನ್ಸಂಟ್ರೇಷನ್ ಕ್ಯಾಂಪಿಗೆ ಕಳಿಸುವುದಾಗಿ ಬೆದರಿಸಿದ. ಮುಂದೆ ಅದೇ ಕ್ಯಾಂಪುಗಳಲ್ಲಿ ಮನುಷ್ಯರ ಮೇಲೆ ಪ್ರಯೋಗ ನಡೆದವು. ನವೆಂಬರ್ 24ಕ್ಕೆ ಆ ಕಾಲಕ್ಕೆ ಜಗತ್ತಿನಲ್ಲೇ ಬಹಳ ಮುಂದುವರಿದದ್ದೆನಿಸಿದ ಪ್ರಾಣಿರಕ್ಷಣಾ ಕಾಯಿದೆ ಬಂತು. 1942ರಲ್ಲಿ ಯಹೂದಿಗಳು ನಾಯಿ ಬೆಕ್ಕು ಹಕ್ಕಿ ಸಾಕಬಾರದೆಂಬ ಆಜ್ಞೆ ಹೊರಟಿತು. ಡ್ರೆಸ್ಡೆನ್ನಿನ ಪ್ರೊಫೆಸರ್ ವಿಕ್ಟರ್ ಕ್ಲೆಂಪರರ್ ಮತ್ತವರ ಹೆಂಡತಿ ತಮ್ಮ ಗಂಡು ಬೆಕ್ಕನ್ನು ಪಶುವೈದ್ಯರ ಬಳಿ ಒಯ್ದು ಸಾಯಿಸಬೇಕಾಯಿತು. ಆ ಬೆಕ್ಕಿನ ಹೆಸರು ಮುಶೆಲ್. ಪ್ರಾಣಿರಕ್ಷಣಾ ಕಾಯಿದೆ ಆಗಲೂ ಜಾರಿಯಲ್ಲೇ ಇತ್ತು, ಯಹೂದಿಯ ಬೆಕ್ಕು ಅದರ ಲೆಕ್ಕಕ್ಕೆ ಬರಲಿಲ್ಲ.

ಓದುಗರಿಗೆ ನಾವು ಎಲ್ಲಿಗೆ ಬರುತ್ತಿದ್ದೇವೆಂದು ಈಗಾಗಲೇ ಅಂದಾಜಾಗಿರಬೇಕು. 2015ರ ಸೆಪ್ಟೆಂಬರ್‌ನಲ್ಲಿ ದಾದ್ರಿಯಲ್ಲಿ ಒಬ್ಬ ಮನುಷ್ಯನನ್ನು ಮನೆಯಿಂದ ಎಳೆದು ಹೊಡೆದು ಕೊಂದಾಗ ಪ್ರಯೋಗಾಲಯಕ್ಕೆ ಹೋದದ್ದು ಮಾಂಸದ ತುಂಡು. ಸತ್ತವನು ಯಾರು ಎಂಬುದಕ್ಕಿಂತ ತಿಂದದ್ದು ಯಾವುದು ಎಂಬುದೇ ದೇಶದ ಚರ್ಚೆಯಾಯಿತು. 2016ರ ಮಾರ್ಚ್‌ನಲ್ಲಿ ಜಾರ್ಖಂಡಿನ ಲಾತೇಹಾರ್‌ನಲ್ಲಿ ದನದ ವ್ಯಾಪಾರಿಗಳಿಬ್ಬರನ್ನು ಕೊಂದು ಮರಕ್ಕೆ ನೇತುಹಾಕಿದರು. ಅವರಲ್ಲೊಬ್ಬ ಇನ್ನೂ ಹುಡುಗ. ನಮ್ಮ ರಾಜ್ಯವೇನೂ ಹಿಂದೆ ಬಿದ್ದಿಲ್ಲ. 2005ರ ಮಾರ್ಚ್‌ನಲ್ಲಿ ಆದಿ ಉಡುಪಿಯಲ್ಲಿ ದನದ ವ್ಯಾಪಾರಿಗಳಾದ ತಂದೆ ಮಗನನ್ನು ಬೆತ್ತಲೆ ಮಾಡಿ ಹೊಡೆದದ್ದು ಈ ನಾಡು ನೋಡಿದೆ. 2023ರ ಮಾರ್ಚ್ ಕೊನೆಯ ರಾತ್ರಿ ಸಾತನೂರು ಬಳಿ ದನ ಸಾಗಿಸುತ್ತಿದ್ದ ವಾಹನವನ್ನು ತಡೆದ ನಂತರ ಅದರಲ್ಲಿದ್ದ ಒಬ್ಬರ ಶವ ಸಿಕ್ಕಿತು. 2021ರಲ್ಲಿ ಜಾರಿಗೆ ಬಂದ ನಮ್ಮ ಜಾನುವಾರು ಹತ್ಯೆ ಪ್ರತಿಬಂಧಕ ಕಾಯಿದೆಯಲ್ಲಿ ದನ ಕೊಂದವನಿಗೆ 3ರಿಂದ 7 ವರ್ಷ ಜೈಲಿದೆ. ಸದುದ್ದೇಶದಿಂದ ನಡೆದುಕೊಂಡವರಿಗೆ ರಕ್ಷಣೆಯೂ ಇದೆ. ರಾತ್ರಿ ಹೆದ್ದಾರಿಯಲ್ಲಿ ದೊಣ್ಣೆ ಹಿಡಿದು ನಿಂತವನ ಉದ್ದೇಶವನ್ನು ಅಳೆಯುವವರು ಯಾರು?

ಗೋವಿನ ಹಾಡನ್ನು ನಾವೂ ಶಾಲೆಯಲ್ಲಿ ಹಾಡಿ ಅತ್ತವರೇ. ಆ ಹುಲಿ ಹಸುವಿನ ಸತ್ಯಕ್ಕೆ ನಾಚಿ ಪ್ರಾಣ ಬಿಟ್ಟಿತು. ಪುಣ್ಯಕೋಟಿಯ ಹೆಸರಿನಲ್ಲಿ ಸರ್ಕಾರದ ಯೋಜನೆ ಬಂತೇ ಹೊರತು, ಆ ಹುಲಿಗಿದ್ದ ನಾಚಿಕೆ ಯಾವ ಯೋಜನೆಯಲ್ಲೂ ಬರಲಿಲ್ಲ.

ಇಷ್ಟು ಹೇಳಿ ಲೇಖನ ಮುಗಿಸಿದರೆ ನಮ್ಮ ಓದುಗರಲ್ಲಿ ಬಹಳಷ್ಟು ಮಂದಿ ತಲೆದೂಗುತ್ತಾರೆ. ಅದೇ ನಮ್ಮ ಆತಂಕ. ಪ್ರಾಣಿದಯೆಯ ಹೆಸರಿನಲ್ಲಿ ನಮ್ಮ ಮೇಲೆ ದೊಣ್ಣೆ ಎತ್ತಿದವರನ್ನು ನೋಡಿ ನೋಡಿ, ಪ್ರಾಣಿದಯೆ ಎಂಬುದೇ ಶತ್ರುವಿನ ಮಾತು ಎಂಬಂತೆ ನಾವು ವರ್ತಿಸತೊಡಗಿದ್ದೇವೆ. ಯಾರಾದರೂ ಕುರಿಯ ಸಂಕಟದ ಬಗ್ಗೆ ಬಾಯಿ ಬಿಟ್ಟರೆ ಅವನು ಆ ಕಡೆಯವನೆಂದು ಮುದ್ರೆ ಒತ್ತುತ್ತೇವೆ. ಕದ್ದವನ ಕೈಯಲ್ಲಿ ಕಂಡಿತೆಂದು ನಮ್ಮ ಮನೆಯ ಪಾತ್ರೆಯನ್ನು ನಾವೇ ಬೇಡವೆನ್ನುವುದೇ?

ಯಾಕೆಂದರೆ ಅದು ನಮ್ಮ ಮನೆಯ ಪಾತ್ರೆಯೇ. ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯದಲ್ಲಿ ಪ್ರಾಣಿ ಪಕ್ಷಿಗಳಿಗೂ ಸಮುದಾಯ ಎಂಬ ಅದೇ ಪದ ಬಳಕೆಯಾಗಿದೆ, ನಾವು ಹೆಮ್ಮೆಯಿಂದ ಉಮ್ಮತ್ ಎನ್ನುತ್ತೇವಲ್ಲ, ಅದೇ. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೊಂದ ಹೆಂಗಸು ನರಕಕ್ಕೆ ಹೋದದ್ದು, ಬಾಯಾರಿದ ನಾಯಿಗೆ ನೀರು ಕೊಟ್ಟ ಪಾಪಿಗೆ ಕ್ಷಮೆ ಸಿಕ್ಕಿದ್ದು ಹದೀಸಿನ ಮಾತು. ಜೀವವಿರುವ ಪ್ರಾಣಿಯನ್ನು ಗುರಿಯಾಗಿಟ್ಟು ಬಾಣ ಬಿಡುವುದನ್ನೂ ಮುಖಕ್ಕೆ ಬರೆ ಹಾಕುವುದನ್ನೂ ಪ್ರವಾದಿಯವರು (ಸ) ತಡೆದರು. ಕೊಯ್ಯುವುದಾದರೆ ಕತ್ತಿ ಹರಿತವಾಗಿರಲಿ, ಪ್ರಾಣಿಯ ನೋವು ಕಡಿಮೆಯಾಗಲಿ ಎಂದರು. ಹತ್ತನೇ ಶತಮಾನದಲ್ಲಿ ಬಸ್ರಾದ ಇಖ್ವಾನುಸ್ಸಫಾ ಎಂಬ ಚಿಂತಕರ ಕೂಟ, ಪ್ರಾಣಿಗಳು ಮನುಷ್ಯರ ಮೇಲೆ ಜಿನ್ನುಗಳ ಅರಸನ ಮುಂದೆ ದಾವೆ ಹೂಡುವ ಕತೆಯನ್ನೇ ಬರೆಯಿತು. ನಮ್ಮ ಮದ್ರಸಾಗಳಲ್ಲಿ ಈ ಕತೆ ಎಷ್ಟು ಮಕ್ಕಳಿಗೆ ಗೊತ್ತು?

ಗೊತ್ತಿರುವುದು ಬೇರೆ. ಬೈಕಿನ ಹ್ಯಾಂಡಲ್ಲಿಗೆ ಕಾಲು ಕಟ್ಟಿ ತಲೆಕೆಳಗಾಗಿ ತೂಗುಬಿಟ್ಟ ಕೋಳಿಗಳು. ಕಾಲೂರಲು ಜಾಗವಿಲ್ಲದ ಲಾರಿಯಲ್ಲಿ ನೂರಾರು ಮೈಲಿ ನಿಂತು ಬಂದ, ದಾರಿಯಲ್ಲೇ ಒಂದೆರಡು ಸತ್ತುಬಿದ್ದ ಕುರಿಗಳು. ಹಬ್ಬದ ದಿನ ಒಂದರ ಎದುರೇ ಇನ್ನೊಂದನ್ನು ಕೆಡವುವುದು, ಹುಡುಗರು ರಕ್ತದ ಮಧ್ಯೆ ನಿಂತು ಮೊಬೈಲಿಗೆ ಹಲ್ಲು ಕಿರಿಯುವುದು, ಯಾರ ಟಗರು ಎಷ್ಟು ಲಕ್ಷದ್ದೆಂಬ ಮೇಲಾಟ. ಡೆಟ್ರಾಯಿಟಿನ ಗುಡ್ಡದ ಮೇಲೆ ನಿಂತವನ ಭಂಗಿಯೂ ಈ ಹುಡುಗನ ಭಂಗಿಯೂ ಬೇರೆಯೆಂದು ಹೇಳಲು ನಮಗೆ ಧೈರ್ಯ ಬರುವುದಿಲ್ಲ. ಇನ್ನು ಬ್ರಾಯ್ಲರ್ ಕೋಳಿ. ಸುಮಾರು 40 ದಿನ ಉಸಿರಾಡುವ ಆ ಜೀವ ಕಾಲಿನ ಮೇಲೆ ಸರಿಯಾಗಿ ನಿಲ್ಲಲಾರದಷ್ಟು ಬೇಗ ತೂಕ ಬರುವಂತೆ ತಳಿ ಮಾಡಿದ್ದು. ನಮ್ಮ ಉಲಮಾಗಳು ಕತ್ತಿ ಆಡುವ ಕೊನೆಯ ಅರ್ಧ ನಿಮಿಷವನ್ನು ಪರೀಕ್ಷಿಸಿ ಹಲಾಲ್ ಎನ್ನುತ್ತಾರೆ. ಆ ಮೊದಲಿನ 40 ದಿನಗಳಿಗೆ ಹಲಾಲ್ ಬೇಡವೇ? ಕುರ್‌ಆನ್ ಹಲಾಲ್ ಎಂಬ ಪದದ ಜೊತೆ ತಯ್ಯಿಬ್, ಅಂದರೆ ಶುದ್ಧವಾದದ್ದು, ಎಂಬ ಪದವನ್ನೂ ಇಟ್ಟಿದೆ. ಎರಡನೆಯದನ್ನು ನಾವು ಅಂಗಡಿಯ ಬೋರ್ಡಿಗೆ ಬರೆಸಲು ಮರೆತಿದ್ದೇವೆ.

ಇದನ್ನು ಓದಿ ಕೆಲವರು, ಹೊರಗೆ ಇಷ್ಟೊಂದು ದಾಳಿ ನಡೆಯುತ್ತಿರುವಾಗ ಒಳಗಿನ ಹುಳುಕು ಯಾಕೆ ಎತ್ತುತ್ತೀರಿ, ಅವರ ಕೈಗೆ ಕೋಲು ಕೊಟ್ಟ ಹಾಗಾಗುವುದಿಲ್ಲವೇ ಎನ್ನಬಹುದು. ಅವರ ಕೈಯಲ್ಲಿ ಕೋಲು ಮೊದಲೇ ಇದೆ, ನಮ್ಮ ಪತ್ರಿಕೆ ಓದಿ ಅವರು ಕೋಲು ಕಡಿಯುವುದಿಲ್ಲ. ನಾವು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಯಾವುದು ಲೆಕ್ಕಕ್ಕೆ ಬರುವ ಜೀವ, ಯಾವುದು ಬಾರದ್ದು ಎಂಬ ಪಟ್ಟಿಯನ್ನು ಬರೆಯುವ ಅಧಿಕಾರ ಒಬ್ಬರ ಕೈಗೆ ಹೋದರೆ ಏನಾಗುತ್ತದೆಂದು ಬೇರೆಯವರಿಗಿಂತ ಚೆನ್ನಾಗಿ ಈಗ ನಮಗೆ ಗೊತ್ತಿದೆ. ಗೊತ್ತಿದ್ದೂ ನಮ್ಮ ಲಾರಿಯ ಕುರಿಗೆ ನಾವೂ ಅಂಥದೇ ಪಟ್ಟಿ ಬರೆದರೆ, ನಮ್ಮ ದೂರಿಗೆ ಬಲ ಎಲ್ಲಿಂದ ಬರಬೇಕು?

ಈ ಬಕ್ರೀದಿಗೆ ಮಸೀದಿ ಕಮಿಟಿಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಕುರಿ ತರುವ ಲಾರಿಗೆ ಎಷ್ಟು ತಲೆ ಎಂದು ಮೊದಲೇ ನಿಗದಿ ಮಾಡುವುದು, ಬಂದ ಮೇಲೆ ನೀರು ನೆರಳು ಇಡುವುದು, ಕೊಯ್ಯುವ ಜಾಗಕ್ಕೆ ಪರದೆ ಕಟ್ಟುವುದು, ಕೈ ಪಳಗಿದ ಕಸಾಯಿಯನ್ನೇ ಕರೆಯುವುದು, ಮೊಬೈಲ್ ಹೊರಗಿಡಿ ಎಂದು ಮೈಕಿನಲ್ಲಿ ಹೇಳುವುದು. ಹಬ್ಬದ ಖುತ್ಬಾದಲ್ಲಿ ಆ ಬಾಯಾರಿದ ನಾಯಿಯ ಕತೆಗೆ ಐದು ನಿಮಿಷ ಕೊಡುವುದು. ಪಕ್ಕದ ಮನೆಯ ಗೆಳೆಯ ಮತ್ತೆ ಅದೇ ಪ್ರಶ್ನೆ ಕೇಳಿದರೆ ಅವರನ್ನೂ ಪರದೆಯ ಆಚೆಯವರೆಗೆ ಕರೆದೊಯ್ದು ಇದನ್ನೆಲ್ಲ ತೋರಿಸೋಣ. ಆಮೇಲೆ, ಸಾತನೂರಿನ ಆ ರಾತ್ರಿ ಅವರಿಗೆ ಗೊತ್ತಿದೆಯೇ ಎಂದು ನಾವೂ ಕೇಳೋಣ.